ಕಡಪದಿಂದ ಬಂದ ಕೇಸು, ಭೋಪಾಲಕ್ಕೆ ಹೋಗದ ಕೇಸು

ಎರಡು ವರ್ಷದೊಳಗೆ ಸುಪ್ರೀಂ ಕೋರ್ಟ್ ಹೈದರಾಬಾದಿಗೆ ಸಂಬಂಧಿಸಿದ ಎರಡು ಅರ್ಜಿಗಳನ್ನು ತೀರ್ಮಾನಿಸಿತು. 2022ರ ನವೆಂಬರ್ 29ರಂದು, ಆಂಧ್ರಪ್ರದೇಶದ ಕಡಪದಲ್ಲಿದ್ದ ಒಂದು ಕೊಲೆ ಪ್ರಕರಣವನ್ನು ಅಲ್ಲಿಂದ ಎತ್ತಿ ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯಕ್ಕೆ ಒಪ್ಪಿಸಿತು. 2024ರ ಸೆಪ್ಟೆಂಬರ್ 20ರಂದು, ಹೈದರಾಬಾದಿನಲ್ಲಿದ್ದ ಒಂದು ಲಂಚದ ಪ್ರಕರಣವನ್ನು ಮಧ್ಯಪ್ರದೇಶದ ಭೋಪಾಲಕ್ಕೆ ಕಳಿಸಿ ಎಂದು ಬಂದ ಅರ್ಜಿಗೆ ಆಗದು ಎಂದಿತು. ಎರಡರಲ್ಲೂ ಅರ್ಜಿದಾರರ ದೂರು ಹೆಚ್ಚು ಕಡಿಮೆ ಒಂದೇ: ಇಲ್ಲಿ ಅಧಿಕಾರ ಅವರ ಕೈಯಲ್ಲಿದೆ, ನಮಗೆ ನ್ಯಾಯ ಸಿಗುವುದಿಲ್ಲ. ಒಂದು ಕೇಸಿನಲ್ಲಿ ಅಧಿಕಾರದಲ್ಲಿದ್ದವರು ಕೊಲೆಯಾದವರ ಅಣ್ಣನ ಮಗ, ಮುಖ್ಯಮಂತ್ರಿ. ಇನ್ನೊಂದರಲ್ಲಿ ಆರೋಪಿಯೇ ಮುಖ್ಯಮಂತ್ರಿ. ಆದರೂ ಮೊದಲನೆಯದು ಊರು ಬಿಟ್ಟಿತು, ಎರಡನೆಯದು ಇದ್ದಲ್ಲೇ ಉಳಿಯಿತು.

ಮೇಲುನೋಟಕ್ಕೆ ಇದು ತಿರುವುಮುರುವಾಗಿ ಕಾಣುತ್ತದೆ. ಮುಖ್ಯಮಂತ್ರಿಯೇ ಆರೋಪಿಯಾದ ಕೇಸಲ್ಲವೇ ಮೊದಲು ರಾಜ್ಯ ಬಿಡಬೇಕಾದದ್ದು? ಉತ್ತರ ಸಿಗುವುದು ಕಡತದಲ್ಲಿ.

ಕಾನೂನು ಎಲ್ಲಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 406, 407, 408ನೇ ಸೆಕ್ಷನ್‌ಗಳು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 446, 447, 448 ಆಗಿವೆ. ಜಿಲ್ಲೆಯೊಳಗೆ, ಒಂದು ಕೋರ್ಟಿನಿಂದ ಇನ್ನೊಂದಕ್ಕೆ ಕೇಸು ಕಳಿಸುವವರು ಸೆಷನ್ಸ್ ನ್ಯಾಯಾಧೀಶರು. ಜಿಲ್ಲೆ ದಾಟಬೇಕಾದರೆ ಹೈಕೋರ್ಟ್. ಹೈಕೋರ್ಟಿನ ಗಡಿಯನ್ನೇ ದಾಟಬೇಕಾದರೆ ಸುಪ್ರೀಂ ಕೋರ್ಟ್ ಮಾತ್ರ. ಬ್ರಿಟಿಷರ 1898ರ ಸಂಹಿತೆಯಲ್ಲಿ ಈ ಕೊನೆಯ ಅಧಿಕಾರ ಗವರ್ನರ್ ಜನರಲ್ ಅವರ ಕೈಯಲ್ಲಿತ್ತು, ಅಂದರೆ ಸರ್ಕಾರದ ಕೈಯಲ್ಲಿ. ಸರ್ಕಾರದ ಮೇಲೇ ಗುಮಾನಿ ಇದ್ದವನು ಸರ್ಕಾರಕ್ಕೇ ಅರ್ಜಿ ಹಾಕಬೇಕಿತ್ತು. ಸ್ವಾತಂತ್ರ್ಯ ಬಂದ ಮೇಲೆ ಅದು ನ್ಯಾಯಾಂಗದ ಪಾಲಿಗೆ ಬಂತು.

ಹೈಕೋರ್ಟಿಗೆ ಕಾನೂನು ಕೆಲವು ಕಾರಣಗಳನ್ನು ಬಿಡಿಸಿ ಹೇಳಿದೆ: ನ್ಯಾಯಯುತ ವಿಚಾರಣೆ ಅಲ್ಲಿ ಸಾಧ್ಯವಿಲ್ಲ ಎಂದಿರಬೇಕು, ಅಸಾಧಾರಣ ಕಾನೂನು ತೊಡಕು ಎದುರಾಗಿರಬೇಕು, ಕಕ್ಷಿದಾರರಿಗೂ ಸಾಕ್ಷಿಗಳಿಗೂ ಅನುಕೂಲವಾಗಬೇಕು, ಇಂಥವು. ಸುಪ್ರೀಂ ಕೋರ್ಟಿಗೆ ಹೇಳಿರುವುದು ಒಂದೇ ಮಾತು, ನ್ಯಾಯದ ಹಿತಕ್ಕೆ ಅಗತ್ಯ ಎನಿಸಬೇಕು. ಉಳಿದದ್ದನ್ನೆಲ್ಲ ತೀರ್ಪುಗಳೇ ತುಂಬಿಕೊಂಡು ಬಂದಿವೆ.

ಈಗ ಕಡಪದ ಕೇಸು. ಮಾಜಿ ಸಚಿವ ವೈ.ಎಸ್. ವಿವೇಕಾನಂದ ರೆಡ್ಡಿ, ಅಂದರೆ ಮಾಜಿ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ತಮ್ಮ, 2019ರ ಮಾರ್ಚ್ 15ರ ಬೆಳಿಗ್ಗೆ ಪುಲಿವೆಂದುಲದ ತಮ್ಮ ಮನೆಯಲ್ಲಿ ಹೆಣವಾಗಿ ಸಿಕ್ಕರು. ಮೊದಲು ಹೊರಬಿದ್ದ ಸುದ್ದಿ ಹೃದಯಾಘಾತ. ಮೈಮೇಲಿದ್ದದ್ದು ಕೊಚ್ಚಿದ ಗಾಯಗಳು. ಚುನಾವಣೆ ಹತ್ತಿರವಿತ್ತು. ಆಗ ಪ್ರತಿಪಕ್ಷದಲ್ಲಿದ್ದ ಜಗನ್‌ಮೋಹನ ರೆಡ್ಡಿ ಚಿಕ್ಕಪ್ಪನ ಕೊಲೆಯನ್ನು ಸಿಬಿಐ ತನಿಖೆ ಮಾಡಲಿ ಎಂದು ಕೇಳಿದರು. ಮೇ ತಿಂಗಳಲ್ಲಿ ಅವರೇ ಮುಖ್ಯಮಂತ್ರಿಯಾದರು, ಆಮೇಲೆ ಆ ಬೇಡಿಕೆಯನ್ನು ಹಿಂತೆಗೆದುಕೊಂಡರು. ಪಟ್ಟು ಬಿಡದವರು ಮಗಳು ಸುನೀತಾ ನರ್ರೆಡ್ಡಿ. 2020ರ ಮಾರ್ಚಿನಲ್ಲಿ ಆಂಧ್ರ ಹೈಕೋರ್ಟ್ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು.

ತನಿಖೆ ಬೇರೆಯವರ ಕೈಗೆ ಹೋಯಿತು, ವಿಚಾರಣೆ ಮಾತ್ರ ಅಲ್ಲೇ ಉಳಿಯಿತು. ಈ ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ತನಿಖೆಯನ್ನು ಪೊಲೀಸರಿಂದ ಸಿಬಿಐಗೆ ವರ್ಗಾಯಿಸುವುದು ಹೈಕೋರ್ಟಿನ ರಿಟ್ ಅಧಿಕಾರ. 406ನೇ ಸೆಕ್ಷನ್ ಇರುವುದು ಕೋರ್ಟಿನಲ್ಲಿರುವ ಪ್ರಕರಣ ಮತ್ತು ಮೇಲ್ಮನವಿಗಳಿಗೆ. ನಟ ಸುಶಾಂತ್ ಸಿಂಗ್ ರಜಪೂತ್ ಸಾವಿನ ನಂತರ ಪಾಟ್ನಾದಲ್ಲಿ ದಾಖಲಾದ ಎಫ್‌ಐಆರನ್ನು ಮುಂಬೈಗೆ ತರಿಸಿ ಎಂದು ರಿಯಾ ಚಕ್ರವರ್ತಿ ಕೇಳಿದಾಗ, 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿತ್ತು.

ಸುನೀತಾ ಮತ್ತು ಅವರ ತಾಯಿ ಸುಪ್ರೀಂ ಕೋರ್ಟಿನ ಮುಂದೆ ಇಟ್ಟದ್ದು ಬರಿಯ ಅಂಜಿಕೆಯಲ್ಲ, ಘಟನೆಗಳು. ಹೇಳಿಕೆ ಕೊಡಲು ಒಪ್ಪಿದ್ದವರು ಹಿಂದೆ ಸರಿದದ್ದು, ತನಿಖೆ ನಡೆಸುತ್ತಿದ್ದ ಸಿಬಿಐ ಅಧಿಕಾರಿಯ ಮೇಲೇ ಸ್ಥಳೀಯವಾಗಿ ಕೇಸು ದಾಖಲಾದದ್ದು, ಸಾಕ್ಷಿಗಳಿಗೆ ಬೆದರಿಕೆ. ಸಿಬಿಐ ಕೂಡ ಈ ಆತಂಕವನ್ನು ತಳ್ಳಿಹಾಕಲಿಲ್ಲ. ನ್ಯಾಯಮೂರ್ತಿಗಳಾದ ಎಂ.ಆರ್. ಶಾ ಮತ್ತು ಎಂ.ಎಂ. ಸುಂದರೇಶ್ ಅವರ ಪೀಠ ವರ್ಗಾವಣೆಗೆ ಒಪ್ಪಿತು. ದೆಹಲಿಯ ಹೆಸರೂ ಬಂದಿತ್ತು, ಆದರೆ ಸಾಕ್ಷಿಗಳಿಗೆ ಅಷ್ಟು ದೂರದ ಓಡಾಟ ಬೇಡವೆಂದು ಹೈದರಾಬಾದನ್ನು ಆರಿಸಿತು. ಕಡಪದಿಂದ ಸುಮಾರು ನಾನೂರು ಕಿಲೋಮೀಟರ್, ಅದೇ ತೆಲುಗು. ಸಾಕ್ಷಿಗೆ ಭಾಷಾಂತರಕಾರ ಬೇಡ, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಕೋರ್ಟು.

ಇಲ್ಲೊಂದು ಸ್ವಾರಸ್ಯ ಇದೆ, ಯಾರೂ ಅಷ್ಟಾಗಿ ಗಮನಿಸಿದಂತಿಲ್ಲ. ಮೂಸಿ ನದಿಯ ದಂಡೆಯಲ್ಲಿ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಾಲದಲ್ಲಿ, 1920ರಲ್ಲಿ ತೆರೆದ ಹೈಕೋರ್ಟ್ ಕಟ್ಟಡವಿದೆ. 2014ರಲ್ಲಿ ರಾಜ್ಯ ಎರಡಾದರೂ ಹೈಕೋರ್ಟ್ ಒಂದೇ ಆಗಿ ಅಲ್ಲೇ ಮುಂದುವರಿಯಿತು. ಆಂಧ್ರಪ್ರದೇಶದ್ದು ಬೇರೆಯಾಗಿ ಅಮರಾವತಿಗೆ ಹೋದದ್ದು 2019ರ ಜನವರಿ 1ರಂದು. ಪುಲಿವೆಂದುಲದ ಕೊಲೆ ನಡೆದದ್ದು ಅದಾದ ಎರಡೂವರೆ ತಿಂಗಳಿಗೆ. ಹೈಕೋರ್ಟ್ ಒಡೆಯದೆ ಇದ್ದಿದ್ದರೆ ಕಡಪದ ಸೆಷನ್ಸ್ ಕೋರ್ಟೂ ಹೈದರಾಬಾದಿನ ಸಿಬಿಐ ಕೋರ್ಟೂ ಒಂದೇ ಹೈಕೋರ್ಟಿನ ಅಧೀನದಲ್ಲಿರುತ್ತಿದ್ದವು, ಈ ವರ್ಗಾವಣೆ ಮೂಸಿ ದಂಡೆಯಲ್ಲೇ ಮುಗಿಯಬಹುದಿತ್ತು. ಕಲಬುರಗಿ, ಬೀದರ್, ರಾಯಚೂರಿನವರಿಗೆ ಇಂಥ ಗಡಿಗಳ ಆಟ ಹೊಸದಲ್ಲ. 1956ರವರೆಗೆ ಅವರ ಮೇಲ್ಮನವಿಗಳೂ ಇದೇ ಕಟ್ಟಡಕ್ಕೆ ಬರುತ್ತಿದ್ದವು, ಆಮೇಲೆ ಬೆಂಗಳೂರಿನ ದಾರಿ ಹಿಡಿದವು. 2008ರಲ್ಲಿ ಕಲಬುರಗಿಗೇ ಪೀಠ ಬರುವ ತನಕ ಆ ದಾರಿ ಎಷ್ಟು ಉದ್ದ ಎನ್ನುವುದನ್ನು ಅಲ್ಲಿನ ಹಳೆಯ ಕಕ್ಷಿದಾರರನ್ನೇ ಕೇಳಬೇಕು.

ಹಾಗಾದರೆ ಭೋಪಾಲಕ್ಕೆ ಹೋಗದ ಕೇಸಿನ ಕಥೆ ಏನು? 2015ರ ಮೇ 31ರಂದು ತೆಲಂಗಾಣದ ಭ್ರಷ್ಟಾಚಾರ ನಿಗ್ರಹ ದಳ ಆಗ ತೆಲುಗು ದೇಶಂ ಶಾಸಕರಾಗಿದ್ದ ಎ. ರೇವಂತ್ ರೆಡ್ಡಿ ಅವರನ್ನು ಬಂಧಿಸಿತು. ವಿಧಾನ ಪರಿಷತ್ ಚುನಾವಣೆಯಲ್ಲಿ ತಮ್ಮ ಪಕ್ಷದ ಅಭ್ಯರ್ಥಿಗೆ ಮತ ಹಾಕಿಸಲು ನಾಮನಿರ್ದೇಶಿತ ಶಾಸಕ ಎಲ್ವಿಸ್ ಸ್ಟೀಫನ್‌ಸನ್ ಅವರಿಗೆ 50 ಲಕ್ಷ ರೂಪಾಯಿ ಕೊಡುತ್ತಿದ್ದರು ಎಂಬುದು ಆರೋಪ. ಕ್ಯಾಮೆರಾದಲ್ಲಿ ಸೆರೆಯಾದ ದೃಶ್ಯ ಟಿವಿಗಳಲ್ಲಿ ದಿನಗಟ್ಟಲೆ ಓಡಿತು. ಎಂಟು ವರ್ಷಗಳಲ್ಲಿ ಆರೋಪಿ ಪಕ್ಷ ಬದಲಿಸಿದರು, ರಾಜ್ಯ ಕಾಂಗ್ರೆಸ್ಸಿನ ಅಧ್ಯಕ್ಷರಾದರು, 2023ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿಯಾದರು. ಗೃಹ ಖಾತೆಯನ್ನೂ ತಮ್ಮಲ್ಲೇ ಇಟ್ಟುಕೊಂಡರು. ಮೊಕದ್ದಮೆ ಮಾತ್ರ ಹೈದರಾಬಾದಿನಲ್ಲೇ ಇತ್ತು. ಬಿಆರ್‌ಎಸ್ ಪಕ್ಷದ ಮಾಜಿ ಸಚಿವ ಜಿ. ಜಗದೀಶ್ ರೆಡ್ಡಿ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋಗಿ, ತನ್ನ ಮೇಲಿನ ಕೇಸು ನಡೆಸುವ ಇಲಾಖೆಗೇ ತಾನು ಯಜಮಾನನಾದ ಮೇಲೆ ವಿಚಾರಣೆ ನೆಟ್ಟಗೆ ನಡೆದೀತೆ ಎಂದು ಕೇಳಿದರು.

ವಾದ ಜೊಳ್ಳೇನಲ್ಲ. ಆದರೂ ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ ಒಪ್ಪಲಿಲ್ಲ. ಮುಖ್ಯಮಂತ್ರಿ ವಿಚಾರಣೆಯಲ್ಲಿ ಕೈಯಾಡಿಸಿದ್ದಾರೆ ಎನ್ನಲು ಕಡತದಲ್ಲಿ ಏನಿದೆ ಎನ್ನುವುದೇ ಅದರ ಪ್ರಶ್ನೆ. ಆಗ ತೋರಿಸಲು ಹೆಚ್ಚೇನೂ ಇರಲಿಲ್ಲ. ಬರೀ ಆತಂಕದ ಮೇಲೆ ಕೇಸು ಎತ್ತಿಕೊಂಡು ಹೋದರೆ ತೆಲಂಗಾಣದ ನ್ಯಾಯಾಧೀಶರ ಮೇಲೆ ನಮಗೇ ನಂಬಿಕೆ ಇಲ್ಲವೆಂದು ಸಾರಿದಂತಾಗುತ್ತದೆ ಎಂಬ ಮಾತೂ ಬಂತು. ನಡುವೆ, ಆಗ ಬಿಆರ್‌ಎಸ್ ನಾಯಕಿಯಾಗಿದ್ದ ಕೆ. ಕವಿತಾ ಅವರಿಗೆ ಸಿಕ್ಕ ಜಾಮೀನಿನ ಬಗ್ಗೆ ಮುಖ್ಯಮಂತ್ರಿ ಆಡಿದ ಮಾತೊಂದು ಪೀಠವನ್ನು ಕೆರಳಿಸಿತ್ತು. ಅವರು ವಿಷಾದ ವ್ಯಕ್ತಪಡಿಸಿದರು. ಕೊನೆಗೆ ಕೋರ್ಟ್ ಹೇಳಿದ್ದು ಇಷ್ಟು: ಮುಖ್ಯಮಂತ್ರಿ ಈ ಪ್ರಕರಣದಲ್ಲಿ ತಲೆಹಾಕಕೂಡದು, ಭ್ರಷ್ಟಾಚಾರ ನಿಗ್ರಹ ದಳದ ಮುಖ್ಯಸ್ಥರು ಈ ಕೇಸಿನ ಮಟ್ಟಿಗೆ ಅವರಿಗೆ ವರದಿ ಒಪ್ಪಿಸಕೂಡದು, ಮುಂದೆ ಹಸ್ತಕ್ಷೇಪ ಕಂಡರೆ ಅರ್ಜಿದಾರರು ಮತ್ತೆ ಬರಬಹುದು.

ನನಗೆ ಈ ಆದೇಶ ಪೂರ್ತಿ ರುಚಿಸಿಲ್ಲ. ಗೃಹ ಖಾತೆ ಇಟ್ಟುಕೊಂಡವರಿಗೆ ತಮ್ಮ ಕೈಕೆಳಗಿನ ಅಧಿಕಾರಿ ವರದಿ ಕೊಡಬಾರದು ಎಂದರೆ ಅದನ್ನು ಕಾಯುವವರು ಯಾರು? ಆದರೆ ಕೋರ್ಟಿನ ತರ್ಕವನ್ನು ಒಪ್ಪದಿರಲೂ ಆಗುವುದಿಲ್ಲ. ಅಧಿಕಾರ ಇದೆ ಎನ್ನುವುದು ಬೇರೆ, ಆ ಅಧಿಕಾರ ಕೇಸಿನೊಳಗೆ ಕಾಲಿಟ್ಟ ಗುರುತು ಇದೆ ಎನ್ನುವುದು ಬೇರೆ. ಕಡಪದ ಕೇಸಿನಲ್ಲಿ ಗುರುತು ತೋರಿಸಲು ಸಾಧ್ಯವಾಯಿತು.

ಆ ಗುರುತು ಹೇಗಿರುತ್ತದೆ ಎಂಬುದಕ್ಕೆ ಬೆಂಗಳೂರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಜಯಲಲಿತಾ ಅವರ ಆದಾಯ ಮೀರಿದ ಆಸ್ತಿ ಪ್ರಕರಣ ಚೆನ್ನೈನಲ್ಲಿ ನಡೆಯುತ್ತಿದ್ದಾಗ, 2001ರಲ್ಲಿ ಅವರು ಮತ್ತೆ ಅಧಿಕಾರಕ್ಕೆ ಬಂದರು. ಅದಾದ ಮೇಲೆ ಆಗಲೇ ಸಾಕ್ಷಿ ಹೇಳಿ ಮುಗಿಸಿದ್ದ 76 ಮಂದಿಯನ್ನು ಮರು ಪಾಟೀಸವಾಲಿಗೆ ಕರೆಸಲಾಯಿತು. ಅವರಲ್ಲಿ 64 ಮಂದಿ ಉಲ್ಟಾ ಹೊಡೆದರು. ಸರ್ಕಾರಿ ವಕೀಲರು ತಕರಾರು ಎತ್ತಲಿಲ್ಲ. ಆರೋಪಿ ಕೋರ್ಟಿಗೆ ಬಂದು ಉತ್ತರಿಸುವ ಬದಲು ಪ್ರಶ್ನೆಗಳನ್ನು ಮನೆಗೇ ಕಳಿಸಿಕೊಡಲು ಒಪ್ಪಿಗೆಯಾಯಿತು. ಡಿಎಂಕೆಯ ಕೆ. ಅನ್ಬಳಗನ್ ಸುಪ್ರೀಂ ಕೋರ್ಟಿಗೆ ಹೋದಾಗ ಅವರ ಕೈಯಲ್ಲಿದ್ದದ್ದು ಈ ಲೆಕ್ಕ. 2003ರ ನವೆಂಬರ್ 18ರಂದು ನ್ಯಾಯಮೂರ್ತಿ ಎಸ್.ಎನ್. ವರಿಯಾವ ಮತ್ತು ಎಚ್.ಕೆ. ಸೇಮಾ ಕೇಸನ್ನು ಕರ್ನಾಟಕಕ್ಕೆ ಕಳಿಸಿದರು. ಹತ್ತು ಸಾಕ್ಷಿಗಳಾದರೆ ಕಾಕತಾಳೀಯ ಎನ್ನಬಹುದಿತ್ತೇನೋ, ಅರವತ್ತನಾಲ್ಕಕ್ಕೆ ಆ ಮಾತು ಹೊಂದುವುದಿಲ್ಲ.

ಕೇಸು ಬಂದರೆ ಅದರ ಹಿಂದೆ ಏನೇನು ಬರುತ್ತದೆ ಎಂಬುದನ್ನೂ ಬೆಂಗಳೂರು ಕಂಡಿತು. ಕರ್ನಾಟಕ ಸರ್ಕಾರ ಮುಖ್ಯ ನ್ಯಾಯಮೂರ್ತಿಗಳ ಸಲಹೆ ಪಡೆದು ವಿಶೇಷ ನ್ಯಾಯಾಲಯ ಮಾಡಬೇಕು, ವಿಶೇಷ ಸರ್ಕಾರಿ ಅಭಿಯೋಜಕರನ್ನು ನೇಮಿಸಬೇಕು, ಖರ್ಚನ್ನು ತಮಿಳುನಾಡಿನಿಂದ ವಸೂಲು ಮಾಡಿಕೊಳ್ಳಬೇಕು. ತಮಿಳಿನಲ್ಲಿದ್ದ ಸಾಕ್ಷ್ಯ, ದಾಖಲೆಗಳೆಲ್ಲ ಇಂಗ್ಲಿಷಿಗೆ ಅನುವಾದವಾಗಬೇಕಿತ್ತು. ಆ ಅನುವಾದದಲ್ಲಿ ತಪ್ಪಿದೆ ಎಂಬ ಅರ್ಜಿಗಳೇ ವರ್ಷಗಳನ್ನು ತಿಂದವು. ಜಪ್ತಿಯಾದ ಚಿನ್ನಾಭರಣ ಬೆಂಗಳೂರಿನ ಕೋರ್ಟಿನ ವಶದಲ್ಲಿ. ಆ ಒಡವೆಗಳನ್ನು ತಮಿಳುನಾಡಿಗೆ ಮರಳಿಸಿದ್ದು 2025ರ ಫೆಬ್ರುವರಿಯಲ್ಲಿ, ಆರೋಪಿ ತೀರಿಕೊಂಡು ಎಂಟು ವರ್ಷವಾದ ಮೇಲೆ. 2011ರಲ್ಲಿ ಪರಪ್ಪನ ಅಗ್ರಹಾರಕ್ಕೆ ಬಂದು ಜಯಲಲಿತಾ ಸಾವಿರಕ್ಕೂ ಹೆಚ್ಚು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಯಿತು. ಚೆನ್ನೈನಲ್ಲಿ ಮನೆಗೆ ಹೋಗುವುದರಲ್ಲಿದ್ದ ಪ್ರಶ್ನೆಗಳು ಅವು.

ಎಲ್ಲಕ್ಕಿಂತ ಮುಖ್ಯವಾಗಿ, ವಿಚಾರಣೆ ವರ್ಗವಾದರೆ ಮೇಲ್ಮನವಿಯೂ ವರ್ಗವಾಗುತ್ತದೆ. 2014ರ ಸೆಪ್ಟೆಂಬರ್ 27ರಂದು ನ್ಯಾಯಾಧೀಶ ಜಾನ್ ಮೈಕೆಲ್ ಡಿಕುನ್ಹ ನಾಲ್ಕು ವರ್ಷ ಜೈಲು, 100 ಕೋಟಿ ರೂಪಾಯಿ ದಂಡ ವಿಧಿಸಿದಾಗ ಜಯಲಲಿತಾ ಹೋದದ್ದು ಕರ್ನಾಟಕ ಹೈಕೋರ್ಟಿಗೆ. ಅಲ್ಲಿ ಭವಾನಿ ಸಿಂಗ್ ಅವರನ್ನು ಸರ್ಕಾರಿ ವಕೀಲರೆಂದು ನೇಮಿಸಿದ್ದು ತಮಿಳುನಾಡು! ಯಾವ ಸರ್ಕಾರದ ಮೇಲಿನ ಗುಮಾನಿಯಿಂದ ಕೇಸು ರಾಜ್ಯ ಬಿಟ್ಟಿತೋ ಅದೇ ಸರ್ಕಾರ ಹಿಂಬಾಗಿಲಿನಿಂದ ವಕೀಲರನ್ನು ಕಳಿಸಿತ್ತು. 2015ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಆ ನೇಮಕ ನಿಲ್ಲದು, ಕೇಸು ನಡೆಸುವ ಹಕ್ಕು ಕರ್ನಾಟಕದ್ದು ಮಾತ್ರ ಎಂದಿತು. ವಾದ ಮುಗಿದುಹೋಗಿತ್ತು. ಲಿಖಿತ ವಾದ ಸಲ್ಲಿಸಲು ಕರ್ನಾಟಕಕ್ಕೆ ಸಿಕ್ಕಿದ್ದು ಮರುದಿನದವರೆಗಿನ ಗಡುವು. ಉಡುಪಿ ಕಡೆಯ ಹಿರಿಯ ವಕೀಲ ಬಿ.ವಿ. ಆಚಾರ್ಯರು ಆ ಕೆಲಸ ಮಾಡಿ ಮುಗಿಸಿದರು. ಮೇ 11ರಂದು ನ್ಯಾಯಮೂರ್ತಿ ಸಿ.ಆರ್. ಕುಮಾರಸ್ವಾಮಿ ಎಲ್ಲರನ್ನೂ ಖುಲಾಸೆ ಮಾಡಿದರು. ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿದ್ದೂ ಕರ್ನಾಟಕವೇ, 2017ರ ಫೆಬ್ರುವರಿ 14ರಂದು ಡಿಕುನ್ಹ ಅವರ ತೀರ್ಪು ಮತ್ತೆ ನಿಂತಿತು.

ವಿವೇಕಾನಂದ ರೆಡ್ಡಿ ಪ್ರಕರಣದಲ್ಲೂ ಹೀಗೇ. ಕಡಪದ ಸಂಸದ ವೈ.ಎಸ್. ಅವಿನಾಶ್ ರೆಡ್ಡಿ ಅವರ ನಿರೀಕ್ಷಣಾ ಜಾಮೀನಿನ ಅರ್ಜಿ 2023ರಲ್ಲಿ ಹೋದದ್ದು ತೆಲಂಗಾಣ ಹೈಕೋರ್ಟಿಗೆ, ಅದು ಮೇ 31ರಂದು ಜಾಮೀನು ಕೊಟ್ಟಿತು. ಸುನೀತಾ ಅದನ್ನು ಪ್ರಶ್ನಿಸಿ ಮತ್ತೆ ದೆಹಲಿಯ ದಾರಿ ಹಿಡಿದರು. ವರ್ಗಾವಣೆಯಾಗಿ ಎರಡು ವರ್ಷ ಕಳೆದ ಮೇಲೂ ಹೈದರಾಬಾದಿನಲ್ಲಿ ವಿಚಾರಣೆಗಿಂತ ಅದರ ಸುತ್ತಲಿನ ಅರ್ಜಿಗಳದ್ದೇ ಸದ್ದು. ಊರು ಬದಲಾದರೆ ಅಂಜಿಕೆ ಕಡಿಮೆಯಾದೀತು, ಕೇಸಿನ ವೇಗ ಹೆಚ್ಚಬೇಕೆಂದೇನೂ ಇಲ್ಲ.

ದೂರದ ಊರಾದರೆ ಪ್ರಭಾವ ತಟ್ಟುವುದಿಲ್ಲ ಎಂಬ ನಂಬಿಕೆಯೂ ಅಷ್ಟೇ. ಇದು ಬಳ್ಳಾರಿಯವರಿಗೆ ಗೊತ್ತು. ಓಬಳಾಪುರಂ ಅಕ್ರಮ ಗಣಿಗಾರಿಕೆಯ ಕೇಸು ವರ್ಗವಾಗಿ ಹೋದದ್ದಲ್ಲ. ಗಣಿ ಇದ್ದದ್ದು ಅನಂತಪುರ ಜಿಲ್ಲೆಯಲ್ಲಿ, ಆಂಧ್ರ ಸರ್ಕಾರದ ಕೋರಿಕೆಯಂತೆ 2009ರಲ್ಲಿ ಸಿಬಿಐ ಕೇಸು ಹಿಡಿದದ್ದರಿಂದ ಮೊದಲಿನಿಂದಲೂ ಹೈದರಾಬಾದಿನ ಸಿಬಿಐ ಕೋರ್ಟಿನಲ್ಲಿತ್ತು. 2011ರ ಸೆಪ್ಟೆಂಬರ್ 5ರಂದು ಬಳ್ಳಾರಿಯಲ್ಲಿ ಬಂಧಿತರಾದ ಗಣಿ ಒಡೆಯ ಗಾಲಿ ಜನಾರ್ದನ ರೆಡ್ಡಿ ಚಂಚಲಗೂಡ ಜೈಲು ಸೇರಿದರು. ತಮ್ಮ ಕೋಟೆಯಿಂದ ಮುನ್ನೂರು ಚಿಲ್ಲರೆ ಕಿಲೋಮೀಟರ್ ಆಚೆ. 2012ರ ಮೇ ತಿಂಗಳಲ್ಲಿ ಅಲ್ಲಿನ ಸಿಬಿಐ ನ್ಯಾಯಾಧೀಶರೊಬ್ಬರು ಅವರಿಗೆ ಜಾಮೀನು ಕೊಟ್ಟರು. ತಿಂಗಳೊಳಗೆ ಆ ನ್ಯಾಯಾಧೀಶರೇ ಅಮಾನತಾದರು, ಜಾಮೀನಿಗೆ ಕೋಟಿಗಟ್ಟಲೆ ಹಣ ಕೈಬದಲಾಯಿತೆಂಬ ಆರೋಪದ ಮೇಲೆ ಬಂಧನಕ್ಕೂ ಒಳಗಾದರು. ಜಾಮೀನು ರದ್ದಾಯಿತು. ಮುಂದೆ 2015ರಲ್ಲಿ ಸುಪ್ರೀಂ ಕೋರ್ಟ್ ಜಾಮೀನು ಕೊಡುವಾಗ ಬಳ್ಳಾರಿ, ಅನಂತಪುರ, ಕಡಪಕ್ಕೆ ಕಾಲಿಡಬಾರದೆಂಬ ಷರತ್ತು ಹಾಕಿತು. ಇದೂ ಒಂದು ಬಗೆಯ ವರ್ಗಾವಣೆಯೇ. ಕೇಸನ್ನು ಸಾಕ್ಷಿಗಳಿಂದ ದೂರ ಒಯ್ಯುವ ಬದಲು ಆರೋಪಿಯನ್ನೇ ದೂರ ಇಡುವುದು. ಎಷ್ಟೋ ಪ್ರಕರಣಗಳಲ್ಲಿ ಇದು ಹೆಚ್ಚು ಅಗ್ಗದ, ಹೆಚ್ಚು ಉಪಯೋಗದ ದಾರಿ ಎಂದು ನನ್ನ ಎಣಿಕೆ. 2025ರ ಮೇ 6ರಂದು ಹೈದರಾಬಾದಿನ ಕೋರ್ಟ್ ರೆಡ್ಡಿ ಅವರಿಗೆ ಏಳು ವರ್ಷ ಶಿಕ್ಷೆ ವಿಧಿಸಿತು, ಗಂಗಾವತಿಯ ಶಾಸಕ ಸ್ಥಾನ ಹೋಯಿತು. ಜೂನ್ 11ರಂದು ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು, ಸ್ಥಾನ ಮರಳಿತು.

ಸುಪ್ರೀಂ ಕೋರ್ಟಿನದು ಕೇಸನ್ನು ಎಲ್ಲಿಗೆ ಬೇಕಾದರೂ ಕಳಿಸುವ ಅಧಿಕಾರ ಎನ್ನಲೂ ಬರುವುದಿಲ್ಲ. ಮಹಾರಾಷ್ಟ್ರದ ಮಾಜಿ ಮುಖ್ಯಮಂತ್ರಿ ಎ.ಆರ್. ಅಂತುಲೆ ಅವರ ಭ್ರಷ್ಟಾಚಾರ ಪ್ರಕರಣವನ್ನು 1984ರಲ್ಲಿ ಸುಪ್ರೀಂ ಕೋರ್ಟ್ ವಿಶೇಷ ನ್ಯಾಯಾಧೀಶರಿಂದ ಬಾಂಬೆ ಹೈಕೋರ್ಟಿಗೆ ಕಳಿಸಿತು, ಬೇಗ ಮುಗಿಯಲಿ ಎಂಬ ಸದುದ್ದೇಶದಿಂದ. ಆ ಅಪರಾಧವನ್ನು ವಿಶೇಷ ನ್ಯಾಯಾಧೀಶರೇ ವಿಚಾರಿಸಬೇಕೆಂದು ಕಾನೂನು ಹೇಳಿತ್ತು. ಮೇಲಾಗಿ ಹೈಕೋರ್ಟೇ ವಿಚಾರಿಸಿದರೆ ಆರೋಪಿಗೆ ಒಂದು ಮೇಲ್ಮನವಿಯ ಅವಕಾಶವೇ ತಪ್ಪುತ್ತದೆ. 1988ರ ಏಪ್ರಿಲ್ 29ರಂದು ಏಳು ನ್ಯಾಯಮೂರ್ತಿಗಳ ಪೀಠ ತನ್ನದೇ ಕೋರ್ಟಿನ ಆದೇಶವನ್ನು ತಪ್ಪೆಂದು ಒಪ್ಪಿ ಅಳಿಸಿಹಾಕಿತು.

ದೊಡ್ಡವರ ಅರ್ಜಿಗಳೆಲ್ಲ ಗೆಲ್ಲುತ್ತವೆ ಎಂದೂ ಅಲ್ಲ. 1979ರಲ್ಲಿ ಮೇನಕಾ ಗಾಂಧಿ ತಮ್ಮ ಮೇಲೆ ರಾಣಿ ಜೇಠ್ಮಲಾನಿ ಹೂಡಿದ್ದ ಮಾನನಷ್ಟ ಕೇಸನ್ನು ಮುಂಬೈಯಿಂದ ದೆಹಲಿಗೆ ತರಿಸಲು ಕೇಳಿದ್ದರು. ಮುಂಬೈಯಲ್ಲಿ ವಕೀಲರು ಸಿಗುವುದಿಲ್ಲ, ಕೋರ್ಟಿನ ಬಳಿ ಜನ ಮುತ್ತಿಗೆ ಹಾಕುತ್ತಾರೆ ಎಂಬ ಕಾರಣ ಕೊಟ್ಟಿದ್ದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಒಪ್ಪಲಿಲ್ಲ. ಗದ್ದಲವಾದರೆ ಮ್ಯಾಜಿಸ್ಟ್ರೇಟರು ಪೊಲೀಸರನ್ನು ಕರೆಸಿ ಶಿಸ್ತು ತರಲಿ, ಅದಕ್ಕಾಗಿ ಕೇಸು ಊರು ಬಿಡಬೇಕಾಗಿಲ್ಲ ಎಂಬುದು ಅವರ ನಿಲುವು. ಇಂದಿಗೂ ವಕೀಲರು ಮೊದಲು ತೆಗೆಯುವ ತೀರ್ಪು ಅದೇ.

ಸಾಮಾನ್ಯರಿಗೆ ಈ ಕಾನೂನಿನ ಗಂಟು ಬೀಳುವುದು ಹೆಚ್ಚಾಗಿ ಎರಡು ಕಡೆ: ಸಂಸಾರದ ಜಗಳ, ಚೆಕ್ ಬೌನ್ಸ್. ಬೀದರಿನ ಹುಡುಗಿ ಹೈದರಾಬಾದಿಗೆ ಮದುವೆಯಾಗಿ ಹೋಗಿ, ಹೊಡೆತ ತಾಳದೆ ತವರಿಗೆ ಬಂದರೆ, ವರದಕ್ಷಿಣೆ ಕಿರುಕುಳದ ದೂರು ಕೊಡಲು ಹೈದರಾಬಾದಿಗೇ ಹೋಗಬೇಕಾಗಿಲ್ಲ. ಆಸರೆ ಪಡೆದ ಊರಿನಲ್ಲೇ ಕೊಡಬಹುದು ಎಂದು 2019ರ ಏಪ್ರಿಲಿನಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ಹೇಳಿದ್ದಾರೆ. ಜೀವನಾಂಶದ ಅರ್ಜಿಯನ್ನೂ ತಾನಿರುವಲ್ಲೇ ಹಾಕಬಹುದು. ಅಂದರೆ ಆರಂಭವೇ ಸರಿಯಾದ ಊರಿನಲ್ಲಾದರೆ ವರ್ಗಾವಣೆಯ ಮಾತೇ ಬರುವುದಿಲ್ಲ. ಚೆಕ್ಕಿನ ಕೇಸು ಯಾವ ಊರಿನಲ್ಲಿ ಎಂಬುದನ್ನು ಕಾನೂನೇ ಬ್ಯಾಂಕಿನ ಶಾಖೆ ನೋಡಿ ನಿಗದಿ ಮಾಡಿದೆ. ಆದರೂ ಒಂದೇ ವ್ಯವಹಾರದ ಚೆಕ್ಕುಗಳು ಬೇರೆ ಬೇರೆ ಊರಿನಲ್ಲಿ ಕೇಸಾದಾಗ ಒಂದೆಡೆ ಸೇರಿಸುವ ಅಧಿಕಾರ ತನಗಿದೆ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಜಿಲ್ಲೆಯೊಳಗಿನ ವರ್ಗಾವಣೆಗೆ ನೇರ ಹೈಕೋರ್ಟಿಗೆ ಓಡಿದರೆ ಅರ್ಜಿ ನಿಲ್ಲುವುದಿಲ್ಲ. ಮೊದಲು ಸೆಷನ್ಸ್ ನ್ಯಾಯಾಧೀಶರಲ್ಲಿ ಕೇಳಿ, ಅವರು ತಿರಸ್ಕರಿಸಿದ ಮೇಲೆ ಹೋಗಬೇಕು. ಅರ್ಜಿ ಹಾಕುವವನು ಆರೋಪಿಯಾದರೆ ಸರ್ಕಾರಿ ವಕೀಲರಿಗೆ ಮುಂಚಿತವಾಗಿ ನೋಟಿಸ್ ಕೊಡಬೇಕು. ಜೊತೆಗೆ ಪ್ರಮಾಣಪತ್ರ ಬೇಕು. ನ್ಯಾಯಾಧೀಶರ ಮೇಲೆ ನಂಬಿಕೆ ಇಲ್ಲ ಎಂದು ಒಂದು ಸಾಲು ಬರೆದರೆ ಅದಕ್ಕೆ ಬೆಲೆಯಿಲ್ಲ. ಯಾವ ತಾರೀಖಿನಂದು, ಯಾರು, ಯಾವ ಸಾಕ್ಷಿಗೆ, ಏನು ಮಾಡಿದರು ಎಂದು ಬರೆಯಬೇಕು. ಬೇಡದ ಕೋರ್ಟನ್ನು ತಪ್ಪಿಸಿಕೊಳ್ಳಲು ಹುರುಳಿಲ್ಲದ ಅರ್ಜಿ ಹಾಕಿದವನಿಂದ ಎದುರಾಳಿಗೆ ಪರಿಹಾರ ಕೊಡಿಸುವ ಅವಕಾಶ ಹಳೆಯ ಸಂಹಿತೆಯಲ್ಲೂ ಇತ್ತು, ಗರಿಷ್ಠ ಒಂದು ಸಾವಿರ ರೂಪಾಯಿ. ದೆಹಲಿಯ ವಕೀಲರ ಟ್ಯಾಕ್ಸಿ ಬಾಡಿಗೆಗೂ ಸಾಲದ ಆ ಮಿತಿಯನ್ನು ಹೈಕೋರ್ಟ್, ಸುಪ್ರೀಂ ಕೋರ್ಟ್‌ಗಳ ಮಟ್ಟಿಗೆ ಹೊಸ ಸಂಹಿತೆ ತೆಗೆದುಹಾಕಿದೆ. ಅಲ್ಲಿ ಎಷ್ಟು ಎಂಬುದು ಇನ್ನು ಕೋರ್ಟಿನ ವಿವೇಚನೆಗೆ ಬಿಟ್ಟದ್ದು.